ಕಡಲ್ಕೊರೆತಕ್ಕೆ ಬಂದ ವಿದೇಶಿ ಹಣ: ಆಡಿಟ್ ಮಾಡುವುದು ಹೇಗೆ

ನಾನು 31 ವರ್ಷ ಸಹಕಾರ ಸಂಘಗಳ ಆಡಿಟ್ ಮಾಡಿದವನು. ಹಾಲಿನ ಸೊಸೈಟಿ, ಮೀನುಗಾರರ ಸೊಸೈಟಿ, ಸೇವಾ ಸಹಕಾರಿ ಬ್ಯಾಂಕು, ಹೀಗೆ. ರಿಟೈರ್ ಆದ ಮೇಲೆ ಉದ್ಯಾವರದ ಮನೆಯಲ್ಲಿ ಪೇಪರ್ ಓದಿಕೊಂಡು ಆರಾಮವಾಗಿದ್ದೆ. ಹೋದ ವರ್ಷ ತಂಗಿಯ ಮಗಳು ಫೋನ್ ಮಾಡಿದಳು. ಮಂಗಳೂರಿನಲ್ಲಿ ಎಂಎಸ್‌ಡಬ್ಲ್ಯೂ ಓದುತ್ತಿದ್ದಾಳೆ.

"ಮಾಮ, ಹವಾಮಾನ ಬದಲಾವಣೆಗೆ ಹೊಂದಿಕೊಳ್ಳಲಿಕ್ಕೆ ಅಂತ ವಿದೇಶದಿಂದ ಹಣ ಬರ್ತದಲ್ವಾ? ಅದರಿಂದ ಪ್ರಯೋಜನ ಆಯ್ತಾ ಇಲ್ವಾ ಅಂತ ನೋಡುವುದು ಹೇಗೆ?"

ಹವಾಮಾನದ ಬಗ್ಗೆ ನನಗೆ ಎಂತ ಗೊತ್ತುಂಟು? ಆದರೆ ಹಣ ಎಲ್ಲಿಂದ ಹೊರಟಿತು, ಎಲ್ಲಿ ನಿಂತಿತು ಅಂತ ಹುಡುಕಲಿಕ್ಕೆ ಬರುತ್ತದೆ. ಇಬ್ಬರೂ ಸೇರಿ ಆರು ತಿಂಗಳು ಕೂತೆವು. ನಿಮಗೂ ಇಂಥ ಕೆಲಸ ಬಂದರೆ ಹೀಗೆ ಮಾಡಿ.

ಮೊದಲಿಗೆ, ಒಂದೇ ಒಂದು ಯೋಜನೆ ಹಿಡಿಯಿರಿ. 'ಹವಾಮಾನ ನಿಧಿ' ಅಂತ ಒಟ್ಟಾರೆ ಹಿಡಿದರೆ ಭಾಷಣ ಆಗುತ್ತದೆ, ಆಡಿಟ್ ಆಗುವುದಿಲ್ಲ. ನಾವು ಹಿಡಿದದ್ದು ಗ್ರೀನ್ ಕ್ಲೈಮೇಟ್ ಫಂಡ್‌ನ ಎಫ್‌ಪಿ084. ಹವಾಮಾನದ ಕೆಲಸಕ್ಕೆ ಅಭಿವೃದ್ಧಿಶೀಲ ದೇಶಗಳಿಗೆ ಹಣ ಕೊಡುವ ಈ ಫಂಡ್‌ನ ಕಚೇರಿ ದಕ್ಷಿಣ ಕೊರಿಯಾದ ಸಾಂಗ್ಡೋದಲ್ಲಿದೆ. ಅವರ ಪ್ರತಿ ಯೋಜನೆಗೂ ಹೀಗೊಂದು ನಂಬರ್ ಇರುತ್ತದೆ. ಆ ನಂಬರ್ ಹಾಕಿ ಅವರ ವೆಬ್‌ಸೈಟಿನಲ್ಲಿ ಹುಡುಕಿದರೆ ಮೂಲ ಪ್ರಸ್ತಾವವೇ ಸಿಗುತ್ತದೆ. ಎಫ್‌ಪಿ084 ಭಾರತದ ಕರಾವಳಿ ಜನರಿಗಾಗಿ 2018ರಲ್ಲಿ ಮಂಜೂರಾದದ್ದು. ನಮ್ಮ ಊರಿನದ್ದೇ ಇರಬೇಕು ಅಂತ ಖುಷಿಯಲ್ಲಿ ತೆರೆದೆವು. ಆಂಧ್ರ, ಮಹಾರಾಷ್ಟ್ರ, ಒಡಿಶಾ. ಕರ್ನಾಟಕ ಇಲ್ಲ! ನೋಡಿ, ಮೊದಲ ಪಾಠ ಅಲ್ಲೇ ಸಿಕ್ಕಿತು. ಭಾರತಕ್ಕೆ ಬಂತು ಅಂದ ಕೂಡಲೇ ಮಲ್ಪೆಗೆ ಬಂತು ಅಂತಲ್ಲ. ಜಿಲ್ಲೆಗಳ ಪಟ್ಟಿ ನೋಡಿದ ಮೇಲೆ ಮಾತ್ರ ಮುಂದಿನ ಪುಟಕ್ಕೆ ಹೋಗಿ.

ಆಮೇಲೆ ಮೊತ್ತ. ಈ ಯೋಜನೆಯ ಒಟ್ಟು ಗಾತ್ರ ಸುಮಾರು 13 ಕೋಟಿ ಡಾಲರ್. ಫಂಡ್ ಕೊಟ್ಟದ್ದು 4.34 ಕೋಟಿ, ಅಂದರೆ ಮೂರರಲ್ಲಿ ಒಂದು ಪಾಲು. ಬಾಕಿ ಹೆಚ್ಚಾಗಿ ನಮ್ಮದೇ ಸರ್ಕಾರಗಳ ದುಡ್ಡು. ಇದರಲ್ಲಿ ಮೋಸ ಏನೂ ಇಲ್ಲ, ಪ್ರಸ್ತಾವದಲ್ಲೇ ಬರೆದಿದ್ದಾರೆ. ಆದರೆ ಸುದ್ದಿಯಲ್ಲಿ ದೊಡ್ಡ ಅಂಕಿಯೇ ಬರುವುದು, ಅಲ್ವಾ? ಒಟ್ಟು ಎಷ್ಟು, ಹೊರಗಿನಿಂದ ಎಷ್ಟು, ನಮ್ಮದು ಎಷ್ಟು ಅಂತ ಮೂರು ಕಾಲಂ ಎಳೆಯಿರಿ.

ನಾಲ್ಕನೇ ಕಾಲಂ ಒಂದುಂಟು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ ಅದೇ: ಸಾಲವೋ, ಅನುದಾನವೋ? ಎಫ್‌ಪಿ084ರಲ್ಲಿ ಫಂಡ್ ಕೊಟ್ಟದ್ದು ಅನುದಾನ, ಹಿಂದೆ ಕೊಡಬೇಕಾಗಿಲ್ಲ. ನಮ್ಮ ಉಳ್ಳಾಲದ ಕಥೆ ಬೇರೆ. ಅಲ್ಲಿ ಕಡಲ್ಕೊರೆತ ತಡೆಯಲಿಕ್ಕೆ ಸಮುದ್ರದೊಳಗೆ ಮುಳುಗಿರುವ ರೀಫ್, ದಡದ ಹತ್ತಿರ ದಿಬ್ಬ ಎಲ್ಲ ಮಾಡಿದ್ದಾರಲ್ಲ, ಅದಕ್ಕೆ ಹಣ ಬಂದದ್ದು ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್‌ನಿಂದ. ಕರ್ನಾಟಕವೂ ಸೇರಿ ಪಶ್ಚಿಮ ಕರಾವಳಿಯ ರಾಜ್ಯಗಳಿಗೆ 25 ಕೋಟಿ ಡಾಲರ್‌ವರೆಗೆ ಕೊಡಲಿಕ್ಕೆ ಆ ಬ್ಯಾಂಕ್ 2010ರಲ್ಲಿ ಒಪ್ಪಿತು. ಅದು ಸಾಲ. ಸಾಲ ಅಂದರೆ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಬ್ಯಾಂಕುಗಳ ಲೆಕ್ಕ ನೋಡಿಯೇ ಸಂಬಳ ತೆಗೆದುಕೊಂಡವನು. ಆದರೆ ಡಾಲರಿನ ಸಾಲಕ್ಕೆ ಒಂದು ಬಾಲ ಇರುತ್ತದೆ. 2010ರಲ್ಲಿ ಡಾಲರ್‌ಗೆ ಸುಮಾರು 45 ರೂಪಾಯಿ. 2022ರಲ್ಲಿ 80 ದಾಟಿತು. 45 ಕೋಟಿ ರೂಪಾಯಿಗೆ ಸಮನಾಗಿದ್ದ 1 ಕೋಟಿ ಡಾಲರ್ ಅಸಲು ತೀರಿಸಲಿಕ್ಕೆ ಈಗ 80 ಕೋಟಿಗಿಂತ ಜಾಸ್ತಿ ಬೇಕು. ಬಡ್ಡಿ ಬೇರೆ. ಈ ಏರಿಳಿತವನ್ನು ಕೇಂದ್ರ ಹೊರುತ್ತದೋ ರಾಜ್ಯವೋ? 2005ರ ನಂತರದ ಕ್ರಮದಲ್ಲಿ ಕರ್ನಾಟಕದಂಥ ರಾಜ್ಯಗಳಿಗೆ ಕೇಂದ್ರಕ್ಕೆ ಸಾಲ ಬಂದ ಷರತ್ತಿನಲ್ಲೇ ಮುಂದೆ ಹೋಗುತ್ತದೆ. ಅಂದರೆ ಹೊರೆ ರಾಜ್ಯದ್ದು. ಸಮುದ್ರ ಏರುವುದಕ್ಕೆ ಉಳ್ಳಾಲದವರ ಪಾಲು ಎಷ್ಟು, ತೀರಿಸುವುದರಲ್ಲಿ ಅವರ ಪಾಲು ಎಷ್ಟು ಅಂತ ಸೋದರಸೊಸೆ ಕೇಳಿದಳು. ಅದು ಆಡಿಟ್ ಪ್ರಶ್ನೆ ಅಲ್ಲ, ಆದರೂ ಅವಳ ವರದಿಯಲ್ಲಿ ಇರಲಿ ಅಂದೆ.

ದೊಡ್ಡ ಅಂಕಿಗಳನ್ನು ಓದುವಾಗಲೂ ಇದೇ ಜಾಗ್ರತೆ ಬೇಕು. 2009ರಲ್ಲಿ ಕೋಪನ್‌ಹೇಗನ್‌ನ ಹವಾಮಾನ ಸಮ್ಮೇಳನದಲ್ಲಿ ಶ್ರೀಮಂತ ದೇಶಗಳು ಅಭಿವೃದ್ಧಿಶೀಲ ದೇಶಗಳ ಹವಾಮಾನ ಕೆಲಸಕ್ಕೆ 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಕೂಡಿಸುತ್ತೇವೆ ಅಂದವು. ಆ ಗುರಿ ಮುಟ್ಟಿದ್ದು 2022ರಲ್ಲಿ. ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಒಇಸಿಡಿ ಎಂಬ ಕೂಟದ ಲೆಕ್ಕದ ಪ್ರಕಾರ ಆ ವರ್ಷ 11,590 ಕೋಟಿ. ಅದರಲ್ಲಿ ಹೊಂದಿಕೊಳ್ಳುವ ಕೆಲಸಕ್ಕೆ ಹೋದದ್ದು 3,240 ಕೋಟಿ ಮಾತ್ರ. ಬಾಕಿ ಹೆಚ್ಚಿನದ್ದು ಸೋಲಾರ್, ಗಾಳಿಯಂತ್ರದಂಥ ಹೊಗೆ ಕಡಿಮೆ ಮಾಡುವ ಕೆಲಸಕ್ಕೆ. ಸೋಲಾರ್‌ನಲ್ಲಿ ಲಾಭ ಉಂಟು, ಸಾಲ ಕೊಟ್ಟವನಿಗೆ ಹಣ ವಾಪಸ್ ಬರುತ್ತದೆ. ಉಪ್ಪುನೀರು ನುಗ್ಗಿದ ಬೈಲಿಗೆ ಕಿಂಡಿ ಅಣೆಕಟ್ಟು ಕಟ್ಟಿದರೆ ಯಾರಿಗೆ ಬಡ್ಡಿ ಬರುತ್ತದೆ ಹೇಳಿ?

ಇನ್ನು, ಇದು ನಿಜವಾಗಿ ಹೊಂದಿಕೊಳ್ಳುವ ಕೆಲಸವಾ ಅಂತ ನೋಡಬೇಕು. ಒಇಸಿಡಿಯಲ್ಲಿ ಇದಕ್ಕೆ ಮಾರ್ಕ್ ಕೊಡುವ ಪದ್ಧತಿ ಉಂಟು. ಎರಡು ಅಂದರೆ ಅದೇ ಮುಖ್ಯ ಗುರಿ, ಒಂದು ಅಂದರೆ ಅದೂ ಒಂದು ಗುರಿ, ಸೊನ್ನೆ ಅಂದರೆ ಇಲ್ಲ. ಮಾರ್ಕ್ ಹಾಕುವವರು ಯಾರು? ಹಣ ಕೊಟ್ಟ ದೇಶದವರೇ! ಪರೀಕ್ಷೆ ಬರೆದವನೇ ಪೇಪರ್ ತಿದ್ದಿದ ಹಾಗೆ. ಒಂದು ಮಾರ್ಕಿನ ಯೋಜನೆಯ ಪೂರ್ತಿ ಮೊತ್ತವನ್ನು ಕೆಲವು ದೇಶಗಳು ಲೆಕ್ಕಕ್ಕೆ ಹಿಡಿಯುತ್ತವೆ, ಕೆಲವು ಒಂದು ಪಾಲು ಮಾತ್ರ. ಅಭಿವೃದ್ಧಿ ಬ್ಯಾಂಕುಗಳ ಪದ್ಧತಿ ಸ್ವಲ್ಪ ಬಿಗಿ. ಆ ಜಾಗಕ್ಕೆ ಹವಾಮಾನದಿಂದ ಎಂತ ತೊಂದರೆ, ಅದನ್ನು ಕಡಿಮೆ ಮಾಡುವ ಉದ್ದೇಶ ಕಾಗದದಲ್ಲಿ ಇದೆಯಾ, ಮಾಡುವ ಕೆಲಸಕ್ಕೂ ಆ ತೊಂದರೆಗೂ ನೇರ ಸಂಬಂಧ ಉಂಟಾ ಅಂತ ಮೂರು ಪ್ರಶ್ನೆ. ನೀವೂ ಇವನ್ನೇ ಕೇಳಿ. 100 ಕೋಟಿಯ ರಸ್ತೆಯಲ್ಲಿ ನೆರೆ ನೀರು ಹೋಗಲಿಕ್ಕೆ ಮೋರಿ ದೊಡ್ಡದು ಮಾಡಿದ ಖರ್ಚು 8 ಕೋಟಿಯಾದರೆ, ನಿಮ್ಮ ಪುಸ್ತಕದಲ್ಲಿ 8 ಕೋಟಿ ಮಾತ್ರ ಬರೆಯಿರಿ.

ಮಧ್ಯದ ಬಾಗಿಲುಗಳನ್ನೂ ಎಣಿಸಿ. ಎಫ್‌ಪಿ084ರ ಹಣ ವಿಶ್ವಸಂಸ್ಥೆಯ ಅಭಿವೃದ್ಧಿ ಅಂಗವಾದ ಯುಎನ್‌ಡಿಪಿ ಮೂಲಕ ಬರುತ್ತದೆ. ಹೊಂದಿಕೊಳ್ಳುವ ಕೆಲಸಕ್ಕೇ ಮೀಸಲಾದ ಅಡಾಪ್ಟೇಶನ್ ಫಂಡ್ ಅಂತ ಇನ್ನೊಂದುಂಟು, ಅದು ದೇಶದೊಳಗಿನ ಸಂಸ್ಥೆಗೇ ನೇರವಾಗಿ ಕೊಡುವ ದಾರಿ ತೆರೆಯಿತು. ಹಾಗೆ ಮೊದಲು ಪಡೆದದ್ದು ಸೆನೆಗಲ್, 2010ರಲ್ಲಿ, ಅದೂ ಕಡಲ್ಕೊರೆತಕ್ಕೇ. ಭಾರತದಲ್ಲಿ ಆ ಬಾಗಿಲು ನಬಾರ್ಡ್. ಬಾಗಿಲು ಕಾಯುವವರಿಗೆ ಶುಲ್ಕ ಇರುತ್ತದೆ. ಅಡಾಪ್ಟೇಶನ್ ಫಂಡ್‌ನಲ್ಲಿ ಅದಕ್ಕೆ 8.5 ಶೇಕಡಾ ಮಿತಿ. ಶುಲ್ಕ ಇರುವುದು ತಪ್ಪಲ್ಲ. ಎಷ್ಟು ಬಾಗಿಲು, ಪ್ರತಿ ಬಾಗಿಲಿನಲ್ಲಿ ಎಷ್ಟು ತಿಂಗಳು ಅಂತ ಬರೆದಿಟ್ಟುಕೊಳ್ಳಿ. ಮಂಜೂರಾದ ದಿನ, ಒಪ್ಪಂದಕ್ಕೆ ಸಹಿ ಬಿದ್ದ ದಿನ, ಮೊದಲ ಕಂತು ಬಂದ ದಿನ, ಕೆಲಸ ಶುರುವಾದ ದಿನ. ಈ ನಾಲ್ಕು ತಾರೀಕು ಸಿಕ್ಕಿದರೆ ಅರ್ಧ ಕಥೆ ಸಿಕ್ಕಿತು.

ಈಗ ಜಾಗಕ್ಕೆ ಹೋಗುವ ವಿಷಯ. ಒಮ್ಮೆ ಒಂದು ಸೊಸೈಟಿಯ ಪುಸ್ತಕದಲ್ಲಿ ಐಸ್ ಪ್ಲಾಂಟ್ ಇತ್ತು. ಬಿಲ್ ಸರಿ, ವೋಚರ್ ಸರಿ. ಹೋಗಿ ನೋಡಿದರೆ ಮೆಷಿನೂ ಇತ್ತು. ಕರೆಂಟ್ ಮಾತ್ರ ಇರಲಿಲ್ಲ. ಎರಡು ವರ್ಷದಿಂದ ಕಂಪ್ರೆಸರ್ ಮೇಲೆ ಬಲೆ ಒಣಗಿಸುತ್ತಿದ್ದರು. ಖರ್ಚು ನೂರಕ್ಕೆ ನೂರು, ಐಸ್ ಒಂದು ತುಂಡಿಲ್ಲ. ಯೋಜನಾ ವರದಿಗಳಲ್ಲಿ ನೀವು ನೋಡುವ ಅಂಕಿಗಳು ಜಾಸ್ತಿ ಇಂಥವೇ. ಇಷ್ಟು ಮೀಟರ್ ತಡೆಗೋಡೆ, ಇಷ್ಟು ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಇಷ್ಟು ಜನರಿಗೆ ತರಬೇತಿ. ಗಿಡ ಎಷ್ಟು ನೆಟ್ಟರು ಅಂತ ಬಿಡಿ, ಮೂರು ಮಳೆಗಾಲ ಕಳೆದ ಮೇಲೆ ಎಷ್ಟು ನಿಂತಿವೆ ಕೇಳಿ. 'ಪರೋಕ್ಷ ಫಲಾನುಭವಿಗಳು' ಅಂತ ಒಂದು ಸಾಲು ಬರುತ್ತದೆ. ಆ ಸಂಖ್ಯೆ ಹೇಗೆ ಬಂತು ಅಂತ ಅಡಿಟಿಪ್ಪಣಿ ಹುಡುಕಿ. ಇಡೀ ತಾಲೂಕಿನ ಜನಸಂಖ್ಯೆ ಹಾಕಿದ್ದೂ ಇರಬಹುದು.

ಮೊದಲು ಹೇಗಿತ್ತು ಅಂತ ಗೊತ್ತಿಲ್ಲದೆ ಈಗ ಹೇಗಾಯಿತು ಅಂತ ಹೇಳಲಿಕ್ಕೆ ಆಗುವುದಿಲ್ಲ. ನನ್ನ ಇನ್ನೊಬ್ಬ ತಂಗಿಯ ಮನೆ ಕಡಲ ದಡದಲ್ಲಿ, ಕಲ್ಲಿನ ತಡೆಗೋಡೆ ಮುಗಿಯುವ ಜಾಗದಿಂದ ಸ್ವಲ್ಪ ಆಚೆ. ಅದು ಯಾರ ಹಣದ ಗೋಡೆ ಅಂತ ಇಲ್ಲಿ ಬೇಡ. ಗೋಡೆಯ ಹಿಂದಿನ ಮನೆಗಳು ಉಳಿದವು, ಅದು ನಿಜ. ತಂಗಿಯ ಹಿತ್ತಲಲ್ಲಿ ಕಡಲ ಬದಿಗೆ 11 ತೆಂಗಿನ ಮರ ಇದ್ದವು. ಮದುವೆ ಆಲ್ಬಮ್ಮಿನ ಒಂದು ಫೋಟೋದಲ್ಲಿ ಎಲ್ಲವೂ ಕಾಣುತ್ತವೆ. ಈಗ ನಾಲ್ಕಿವೆ, ಒಂದರ ಬೇರು ಗಾಳಿಯಲ್ಲಿ ನೇತಾಡುತ್ತಿದೆ. ಮರಳು ದಡದುದ್ದಕ್ಕೂ ನಡೆಯುತ್ತಾ ಇರುತ್ತದೆ. ಒಂದು ಕಡೆ ಅದರ ದಾರಿ ಕೆಡಿಸಿದರೆ ಪಕ್ಕದಲ್ಲಿ ಕಡಿಮೆ ಬೀಳುತ್ತದೆ. ವರದಿಯಲ್ಲಿ ಗೋಡೆಯ ಹಿಂದಿನ ಮನೆಗಳ ಲೆಕ್ಕ ಇರುತ್ತದೆ, ಗೋಡೆ ಮುಗಿದಲ್ಲಿಂದ ಆಚಿನದ್ದು ಇರುವುದಿಲ್ಲ. ಹಾಗಾಗಿ ಯೋಜನೆಯ ಗಡಿಯಿಂದ ಎರಡೂ ಬದಿಗೆ ಒಂದೊಂದು ಕಿಲೋಮೀಟರ್ ನಡೆಯಿರಿ. ಹಳೆಯ ಫೋಟೋ ಕೇಳಿ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರಗಳೂ ಸಿಗುತ್ತವೆ, ಆದರೆ ಮಳೆಗಾಲದ ಚಿತ್ರವನ್ನು ಬೇಸಿಗೆಯದ್ದರ ಜೊತೆ ಹೋಲಿಸಬೇಡಿ. ಮಳೆಗಾಲದಲ್ಲಿ ಹೋದ ಮರಳು ಆಮೇಲೆ ಸ್ವಲ್ಪ ವಾಪಸ್ ಬರುತ್ತದೆ.

ಹೋಗಲಿಕ್ಕೆ ಒಳ್ಳೆಯ ಸಮಯ ಜೂನ್, ಜುಲೈ. ಆಗ ಯಾಂತ್ರಿಕ ಬೋಟುಗಳಿಗೆ 61 ದಿನ ರಜೆ, ಜನ ಮಾತಿಗೆ ಸಿಗುತ್ತಾರೆ. ಕಡಲೂ ತನ್ನ ಕೆಲಸ ತೋರಿಸುತ್ತಾ ಇರುತ್ತದೆ. ನಾಡದೋಣಿಯವರನ್ನು ಬೇರೆಯಾಗಿ ಕೇಳಿ: ಕಲ್ಲು ಬಿದ್ದ ಮೇಲೆ ದೋಣಿ ಎಳೆದು ಇಡುವುದೆಲ್ಲಿ? ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯಲಿಕ್ಕೆ ಜಾಗ ಉಂಟಾ? ಮೀನು ಒಣಗಿಸುವ ಹೆಂಗಸರನ್ನು ಕೇಳದೆ ಬರಬೇಡಿ. ಪಂಚಾಯತ್ ಸದಸ್ಯರನ್ನು ಕೊನೆಗೆ ಭೇಟಿ ಮಾಡಿ, ಮೊದಲೇ ಹೋದರೆ ಅವರೇ ಊರು ತೋರಿಸುತ್ತಾರೆ.

ವಿಶ್ವ ಬ್ಯಾಂಕ್, ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್, ಗ್ರೀನ್ ಕ್ಲೈಮೇಟ್ ಫಂಡ್ ಮೂರಕ್ಕೂ ತಮ್ಮದೇ ಸ್ವತಂತ್ರ ಮೌಲ್ಯಮಾಪನ ವಿಭಾಗ ಇದೆ. ಅವರ ವರದಿಯಲ್ಲಿ ಶಿಫಾರಸಿನ ಪುಟದಿಂದ ಓದಲು ಶುರು ಮಾಡಿ, ಬೈದದ್ದೆಲ್ಲ ಅಲ್ಲಿ ಮೆತ್ತಗಿನ ಭಾಷೆಯಲ್ಲಿ ಇರುತ್ತದೆ. ಎಲ್ಲಿಯೂ ಸಿಗದ ಒಂದು ಉತ್ತರಕ್ಕೆ ಮಾತ್ರ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕಾಯಿತು: ಯೋಜನೆ ಮುಗಿದ ಮೇಲೆ ಜಾರಿದ ಕಲ್ಲನ್ನು ಸರಿ ಮಾಡುವ ಹಣ ಯಾವ ಲೆಕ್ಕ ಶೀರ್ಷಿಕೆಯಲ್ಲಿ ಇದೆ? 10 ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ಅರ್ಜಿ ಈಗ ಮೇಲ್ಮನವಿಯಲ್ಲಿದೆ. ಸೋದರಸೊಸೆಯ ಶೀಟಿನಲ್ಲಿ ಆ ಕಾಲಂ ಖಾಲಿ ಬಿಟ್ಟಿದ್ದೇವೆ.

ಹಾಂ, ಅಳತೆಗೆ ಸ್ಟೀಲ್ ಟೇಪ್ ತೆಗೆದುಕೊಂಡು ಹೋಗಬೇಡಿ. ಕಡಲ ಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಫೈಬರಿನ 30 ಮೀಟರ್ ಟೇಪ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ತೆಂಗಿನ ಮರದ ಬುಡದಿಂದ ದಡ ಕುಸಿದ ಅಂಚಿಗೆ ಹಿಡಿಯಿರಿ, ತಾರೀಕು ಬರೆಯಿರಿ. ಮುಂದಿನ ವರ್ಷ ಅದೇ ವಾರ, ಅದೇ ಮರ. ಮರ ಇದ್ದರೆ.