ದಿಂಡಿಯ ಲಾರಿಗೆ ಚೀಲ ಹೇರಿದ ಮೇಲೆ ಜನ ಸಿಕ್ಕರು

ಪಂಢರಪುರದ ವಾರಿಗೆ, ಅಂದರೆ ಆಷಾಢ ಏಕಾದಶಿಗೆ ವಿಠ್ಠಲನ ಊರಿಗೆ ನಡೆದು ಹೋಗುವ ಯಾತ್ರೆಗೆ, ಹೋಗ್ತೀನಿ ಅಂದಾಗ ನನ್ನ ಜೊತೆ ನಡೆಯುವ ಗೆಳೆಯರೆಲ್ಲ ನಕ್ಕಿದ್ದರು. ‘ದೇವಸ್ಥಾನದ ಮೆಟ್ಟಿಲು ಹತ್ತದವನು ನೀನು. ಮರಾಠಿ ಬರಲ್ಲ. ಪುಣೆ ದಾಟೋದ್ರೊಳಗೆ ಬಸ್ ಹತ್ತಿ ವಾಪಸ್ ಬರ್ತೀಯ ನೋಡು ಮಾರಾಯ’ ಅಂದರು. ಹಾಗೆ ಅಂದವರಲ್ಲೇ ಇಬ್ಬರು ಈಗ ‘ನಿಮ್ಮ ದಿಂಡಿಯಲ್ಲಿ ಜಾಗ ಇದೆಯಾ’ ಅಂತ ಕೇಳುತ್ತಿದ್ದಾರೆ. ದಿಂಡಿ ಅಂದರೆ ವಾರಿಯಲ್ಲಿ ಒಟ್ಟಿಗೆ ನಡೆದು, ಉಂಡು, ಮಲಗುವ ಒಂದು ತಂಡ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಶೂ, ಸಾಕ್ಸು, ಬೊಬ್ಬೆಗೆ ಸೂಜಿದಾರ, ಇವೆಲ್ಲ ನಡೆಯುವವರಿಗೆ ಗೊತ್ತಿರೋದೇ. ಬಿಡಿ.

ಮೊದಲು, ಶಾಂತಿ, ಜನರ ನಂಟು ಅಂತ ಹುಡುಕುತ್ತಾ ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಹೇಳಿಬಿಡ್ತೀನಿ. ಬೆಟ್ಟದ ಮೇಲಿನ ಒಂದು ಮೌನ ಶಿಬಿರಕ್ಕೆ ಇಪ್ಪತ್ತೈದು ಸಾವಿರದ ಆಸುಪಾಸು ಕೊಟ್ಟೆ. ಮೌನವೇನೋ ಚೆನ್ನಾಗಿತ್ತು. ಆದರೆ ಪಕ್ಕದ ಹಾಸಿಗೆಯಲ್ಲಿ ಮಲಗಿದ್ದವನ ಹೆಸರು ಇವತ್ತಿಗೂ ಗೊತ್ತಿಲ್ಲ. ಆಮೇಲೆ ಅಪರಿಚಿತರ ಜೊತೆ ಹೋಗುವ ಗುಂಪು ಪ್ರವಾಸ. ಅದಕ್ಕೆ ಇನ್ನೂ ಜಾಸ್ತಿ ಬಿತ್ತು. ಎರಡನೇ ರಾತ್ರಿ ಬೆಂಕಿ ಸುತ್ತ ಕೂರಿಸಿ ‘ಮನಸ್ಸು ಬಿಚ್ಚಿ ಮಾತಾಡಿ’ ಅಂದರು. ಎಲ್ಲರೂ ಬಿಚ್ಚಿದರು, ಕೆಲವರು ಅತ್ತೂ ಬಿಟ್ಟರು. ಊರಿಗೆ ಬಂದ ಮೇಲೆ ಉಳಿದದ್ದು ಒಂದು ವಾಟ್ಸಾಪ್ ಗ್ರೂಪ್. ಅದರಲ್ಲಿ ಈಗ ಯಾರೋ ಸೈಟು ಮಾರುತ್ತಿದ್ದಾರೆ.

ವಾರಿಯೂ ಮೊದಲ ಸಲಕ್ಕೆ ಒಲಿಯಲಿಲ್ಲ. ಒಂದು ವರ್ಷ ಕ್ಯಾಮೆರಾ ಹಿಡಿದು ದಿವೇ ಘಾಟಿನಲ್ಲಿ ನಿಂತೆ. ಪುಣೆಯಿಂದ ಸಾಸವಡಕ್ಕೆ ಹೋಗುವ ದಿನ ಆ ತಿರುವುಗಳಲ್ಲಿ ಬಿಳಿ ಟೋಪಿಗಳ ಸಾಲು ಕಾಣುತ್ತದಲ್ಲ, ಆ ಫೋಟೋ ಎಲ್ಲರ ಹತ್ತಿರವೂ ಇದೆ. ನನ್ನ ಹತ್ತಿರವೂ ಇದೆ, ಅಷ್ಟೇ. ಮುಂದಿನ ವರ್ಷ ಒಬ್ಬನೇ ರಸ್ತೆ ಪಕ್ಕ ನಡೆದೆ. ಊಟ ಚಹಾಕ್ಕೆ ಊರಿನವರು ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಆದರೆ ರಾತ್ರಿ ಮಲಗೋಕೆ ಜಾಗ ಇಲ್ಲ. ಮುಕ್ಕಾಮಿನ ಊರುಗಳಲ್ಲಿ ಲಾಡ್ಜು ಮೊದಲೇ ತುಂಬಿರುತ್ತವೆ. ಸಿಕ್ಕ ಒಂದು ರೂಮಿಗೆ ಮಾಮೂಲಿ ಬಾಡಿಗೆಯ ಮೂರು ಪಟ್ಟು ಕೊಟ್ಟೆ. ಅಲ್ಲಿ ಹಾಸಿಗೆ ಮೇಲೆ ಬಿದ್ದುಕೊಂಡು ಹೊರಗಿನ ಭಜನೆ ಕೇಳುತ್ತಾ ಯೋಚಿಸಿದೆ: ಲಕ್ಷಗಟ್ಟಲೆ ಜನರ ನಡುವೆ ಇದ್ದೀನಿ, ನಾಳೆ ನಾನು ಎದ್ದು ಬರದೇ ಹೋದರೆ ಕೇಳುವವರು ಒಬ್ಬರೂ ಇಲ್ಲ.

ನನ್ನ ವಿಧಾನ ಹುಟ್ಟಿದ್ದು ಅಲ್ಲಿ. ಬೆಳಿಗ್ಗೆ ನಾನು ಕಾಣದಿದ್ದರೆ ಯಾರದಾದರೂ ಒಂದು ಕೆಲಸ ನಿಲ್ಲಬೇಕು. ಅಂಥ ಜಾಗ ಹುಡುಕು. ಶಾಂತಿ ಗೀಂತಿ ಎಲ್ಲ ಆಮೇಲೆ ನೋಡೋಣ.

ಹಾಗಾಗಿ ಮೂರನೆಯ ಸಲ ಒಂದು ದಿಂಡಿಗೆ ಸೇರಿದೆ. ಆಳಂದಿಯಿಂದ ಹೊರಡುವ ಸಂತ ಜ್ಞಾನೇಶ್ವರರ ಪಲ್ಲಕ್ಕಿ ಮೆರವಣಿಗೆಯಲ್ಲಿ ರಥದ ಹಿಂದೆ ನಡೆಯುವ ದಿಂಡಿಗಳೇ ಇನ್ನೂರಕ್ಕೂ ಹೆಚ್ಚು. ಪ್ರತಿಯೊಂದಕ್ಕೂ ನಂಬರ್ ಇದೆ, ಸಾಲಿನಲ್ಲಿ ಅದರದೇ ಜಾಗ ಇದೆ. ನಮ್ಮದು ತೊಂಬತ್ತು ಚಿಲ್ಲರೆ ಜನರ ಸಣ್ಣ ದಿಂಡಿ, ಹೆಚ್ಚಿನವರು ಸಾತಾರಾ ಕಡೆಯ ರೈತರು. ಊಟ, ಡೇರೆ, ಚೀಲ ಹೊರುವ ಲಾರಿ ಎಲ್ಲ ಸೇರಿ ದಿಂಡಿಗೆ ಕಟ್ಟುವ ವಂತಿಗೆ, ಅಂದರೆ ಭಿಶಿ, ನಾಲ್ಕು ಸಾವಿರದ ಒಳಗೇ. ರೈಲು, ಔಷಧಿ, ವಾಪಸ್ ಬರುವ ಬಸ್ಸು ಎಲ್ಲ ಸೇರಿಸಿದರೂ ಒಂಬತ್ತು ಸಾವಿರ ಮುಟ್ಟಲಿಲ್ಲ. ನಡಿಗೆ ಇಪ್ಪತ್ತು ದಿನದ ಆಸುಪಾಸು, ಸುಮಾರು 250 ಕಿಲೋಮೀಟರ್. ಶಿಬಿರದವರಿಗೆ ಈ ಲೆಕ್ಕ ತೋರಿಸಬೇಕು ಅನ್ನಿಸಿತ್ತು. ಗುರುತಿಲ್ಲದವನನ್ನು ದಿಂಡಿಯ ಮುಖ್ಯಸ್ಥರು ಸುಮ್ನೆ ಸೇರಿಸಿಕೊಳ್ಳಲ್ಲ. ನಾನು ಹೇಗೆ ಒಪ್ಪಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಫೋನಿನಲ್ಲಿ ಕೇಳಿದರೆ ಆಗಲ್ಲ, ಇಷ್ಟು ಹೇಳಬಲ್ಲೆ.

ತಾಳ ಹೊಡೆಯೋಕೆ ಬರಲ್ಲ, ಅಭಂಗ ಹಾಡೋಕೆ ಬರಲ್ಲ. ವೀಣೆ ಹಿಡಿಯುವ ಮಾತಂತೂ ಇಲ್ಲವೇ ಇಲ್ಲ. ನನಗೆ ಬರುವುದು ಭಾರ ಎತ್ತೋದು. ಬೆಳಗಿನ ಜಾವ ನಾಲ್ಕಕ್ಕೆ ಲಾರಿಯ ಮೇಲೆ ಹತ್ತಿ ನಿಂತುಬಿಟ್ಟೆ. ಗೊಬ್ಬರದ ಚೀಲ ಹೊಲಿದು ಮಾಡಿದ ಬ್ಯಾಗು, ತಗಡಿನ ಟ್ರಂಕು, ಹಗ್ಗ ಬಿಗಿದ ಕಂಬಳಿ ಸುರುಳಿ. ಎಲ್ಲದರ ಮೇಲೂ ಪೇಂಟಿನಲ್ಲಿ ಹೆಸರು, ಊರು. ಹಿಂದಿ ಪುಣ್ಯದಿಂದ ಆ ಲಿಪಿ ಓದೋಕೆ ಬರುತ್ತಿತ್ತು. ಮುಖಕ್ಕಿಂತ ಮೊದಲು ನನಗೆ ಚೀಲಗಳ ಪರಿಚಯ ಆಯಿತು. ಯಾರ ಚೀಲದಲ್ಲಿ ಎಣ್ಣೆ ಸೋರುತ್ತದೆ, ಯಾರದು ದಿನದಿನಕ್ಕೂ ಹಗುರ ಆಗುತ್ತಿದೆ, ಯಾರು ಊರಿಂದ ಕಲ್ಲು ತಂದಿದ್ದಾರೋ ಅನ್ನಿಸುವಷ್ಟು ಭಾರ. ಸಂಜೆ ಒಬ್ಬೊಬ್ಬರೇ ಕುಂಟುತ್ತಾ ಬಂದಾಗ ಹೆಸರು ಕೂಗಿ ಕೊಡುತ್ತಿದ್ದೆ. ಯಾರು ಮೊದಲು ಮುಟ್ಟುತ್ತಾರೆ, ಯಾರು ಕತ್ತಲಾದ ಮೇಲೆ ಬರುತ್ತಾರೆ ಅಂತ ಲೋಣಂದ ಬರುವಷ್ಟರಲ್ಲಿ ತಿಳಿದುಹೋಯಿತು. ಅದಕ್ಕೆ ತಕ್ಕ ಹಾಗೆ ಹೇರತೊಡಗಿದೆ. ಗಂಟೆಗಟ್ಟಲೆ ಹಿಡಿಯುತ್ತಿದ್ದ ಕೆಲಸ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ಪಕ್ಕದ ದಿಂಡಿಯವರು ಬಂದು ನಿಂತು ನೋಡುತ್ತಿದ್ದರು. ಹೇಳಿಕೊಳ್ಳಬಾರದು, ಆದರೂ ಹೇಳ್ತೀನಿ.

ವಾರಿಯಲ್ಲಿ ಎಲ್ಲರೂ ಎಲ್ಲರಿಗೂ ‘ಮಾವುಲಿ’, ಅಂದರೆ ತಾಯಿ. ನಾನೊಬ್ಬ ಮಾತ್ರ ‘ಅಂಕಲಿ’ ಆದೆ. ಬಯಲಿನಲ್ಲಿ ಜನರ ನಡುವೆ ಕುದುರೆ ಓಡಿಸುವ ರಿಂಗಣ ಅನ್ನೋ ಆಚರಣೆಯಲ್ಲಿ ಓಡುವ ಎರಡು ಕುದುರೆಗಳು ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯ ಶಿತೋಳೆ ಮನೆತನದವು. ಒಂದರ ಮೇಲೆ ಸವಾರ ಇರುತ್ತಾನೆ. ಇನ್ನೊಂದರ ಬೆನ್ನು ಖಾಲಿ, ಅದರ ಮೇಲೆ ಜ್ಞಾನೇಶ್ವರರೇ ಕೂತಿರುತ್ತಾರೆ ಅಂತ ನಂಬಿಕೆ. ಕರ್ನಾಟಕದವನು ಅಂದ ತಕ್ಷಣ ಒಬ್ಬ ಕಾಕಾ ‘ಕುದುರೆ ಊರಿನವನು!’ ಅಂತ ಕೂಗಿಬಿಟ್ಟರು. ನಾನು ಬೆಂಗಳೂರಿನವನು, ಅಂಕಲಿ ನೋಡೇ ಇಲ್ಲ. ಯಾರು ಕೇಳ್ತಾರೆ?

ಫಲ್ಟಣ ದಾಟಿದ ಮೇಲೆ ಒಂದು ಸಂಜೆ ಒಬ್ಬ ಆಜಿಯ ಚೀಲ ಕಾಣಲಿಲ್ಲ. ಹಸಿರು ಹಗ್ಗದ್ದು. ಬೆಳಿಗ್ಗೆ ನಾನೇ ಹಿಡಿದು ಇಟ್ಟ ನೆನಪು ಇಲ್ಲ, ಅಂದರೆ ಲಾರಿಗೆ ಬಂದೇ ಇಲ್ಲ. ಅದರಲ್ಲಿ ಆಕೆಯ ಬಿಪಿ ಮಾತ್ರೆ. ಆಜಿ ಗಲಾಟೆ ಮಾಡಲಿಲ್ಲ, ಸುಮ್ನೆ ಲಾರಿ ಚಕ್ರಕ್ಕೆ ಒರಗಿ ಕೂತರು. ಮುಕ್ಕಾಮಿನಲ್ಲಿ ದಿಂಡಿಗಳೆಲ್ಲ ಸೇರುವ ಸಮಾಜ ಆರತಿಯ ಹೊತ್ತಾಯಿತು. ಇದನ್ನು ನೋಡಿದವರಿಗೆ ಗೊತ್ತು: ದಿಂಡಿಗಳೆಲ್ಲ ಸುತ್ತ ನಿಂತು ತಾಳ ಹೊಡೆಯುತ್ತಿರುತ್ತವೆ. ಶಿಸ್ತು ನೋಡಿಕೊಳ್ಳುವ ಚೋಪದಾರರು ಬೆಳ್ಳಿ ಕೋಲು ಎತ್ತಿ ಕೂಗು ಹಾಕಿದರೆ ಅಷ್ಟೂ ತಾಳ ಒಮ್ಮೆಲೇ ನಿಲ್ಲಬೇಕು. ಯಾವ ದಿಂಡಿಗೆ ದೂರು ಇದೆಯೋ ಅದು ಮಾತ್ರ ಹೊಡೆಯುತ್ತಲೇ ಇರುತ್ತದೆ. ಅವತ್ತು ಕೋಲು ಮೇಲೆ ಹೋಯಿತು, ಬಯಲು ತಣ್ಣಗಾಯಿತು, ನಮ್ಮ ದಿಂಡಿಯ ತಾಳ ಮಾತ್ರ ಝಣ್ ಝಣ್ ಅಂತಿತ್ತು. ನನ್ನ ಕಿವಿ ಬಿಸಿಯಾಯಿತು. ಅಷ್ಟು ಸಾವಿರ ಜನ ಒಂದು ಚೀಲಕ್ಕೋಸ್ಕರ ಸುಮ್ಮನೆ ನಿಂತಿದ್ದಾರೆ! ಚೋಪದಾರರು ಬಂದು ಕೇಳಿದರು, ಹಸಿರು ಹಗ್ಗದ ವಿಷಯ ಎಲ್ಲರಿಗೂ ಕೂಗಿ ಹೇಳಿದರು, ಆಮೇಲೆ ಆರತಿ ಆಯಿತು. ಊಟದ ಹೊತ್ತಿಗೆ ಬೇರೆ ದಿಂಡಿಯ ಹುಡುಗನೊಬ್ಬ ಚೀಲ ಹೊತ್ತುಕೊಂಡು ಬಂದ. ಆವತ್ತು ರಾತ್ರಿ ನಾನು ಮಲಗಿದಂಥ ನಿದ್ದೆ ಶಿಬಿರದಲ್ಲಿ ಒಂದು ದಿನವೂ ಬಂದಿರಲಿಲ್ಲ.

ಇದೇ ವಿಧಾನ ಬೇರೆ ಕಡೆಯೂ ಹಾಕಿ ನೋಡಿದೆ. ಅಮೃತಸರದ ಸ್ವರ್ಣಮಂದಿರದಲ್ಲಿ ಎಲ್ಲರಿಗೂ ಪುಕ್ಕಟೆ ಊಟ ಹಾಕುವ ಲಂಗರಿನಲ್ಲಿ ತಟ್ಟೆ ತೊಳೆದೆ. ಯಾರು ಬೇಕಾದರೂ ಹೋಗಿ ತೊಟ್ಟಿ ಮುಂದೆ ನಿಲ್ಲಬಹುದು, ಹಗಲೂ ರಾತ್ರಿ ನಡೆಯುತ್ತದೆ. ಸ್ಟೀಲ್ ತಟ್ಟೆಗಳ ಆ ಸದ್ದಿನಲ್ಲಿ ತಲೆ ಖಾಲಿಯಾಗೋದು ನಿಜ. ಆದರೆ ಪಕ್ಕ ನಿಂತವರು ಗಂಟೆ ಗಂಟೆಗೆ ಬದಲಾಗುತ್ತಾರೆ, ನಂಟು ಬೆಳೆಯೋಕೆ ಪುರುಸೊತ್ತು ಸಿಗಲ್ಲ. ಯುಗಾದಿಗೆ ಶ್ರೀಶೈಲಕ್ಕೆ ನಡೆಯುವ ನಮ್ಮ ಉತ್ತರ ಕರ್ನಾಟಕದ ಪಾದಯಾತ್ರಿಗಳ ಜೊತೆಗೂ ಸ್ವಲ್ಪ ದೂರ ಹೋದೆ. ಭಾಷೆ ನಮ್ಮದೇ, ಇನ್ನೂ ಸುಲಭ ಆಗುತ್ತೆ ಅಂದುಕೊಂಡಿದ್ದೆ. ಆದದ್ದು ತಿರುಗಾಮುರುಗ. ಯಾವ ಊರು, ಯಾರ ಪೈಕಿ, ಏನು ಕೆಲಸ, ಸಂಬಳ ಎಷ್ಟು, ಮನೆ ಸ್ವಂತದ್ದಾ! ಕೇಳಿದವರದು ತಪ್ಪಲ್ಲ, ಪ್ರೀತಿಯಿಂದಲೇ ಕೇಳಿದ್ದು. ಆದರೆ ಬೆಂಗಳೂರಿನಲ್ಲಿ ಬಿಟ್ಟು ಬಂದ ನಾನು ಎರಡೇ ದಿನದಲ್ಲಿ ಅಲ್ಲಿಗೂ ಬಂದು ಸೇರಿಕೊಂಡೆ. ದಿಂಡಿಯಲ್ಲಿ ನನ್ನ ಮರಾಠಿಗೆ ಅಷ್ಟೆಲ್ಲ ಉತ್ತರ ಕೊಡುವ ಶಕ್ತಿಯೇ ಇರಲಿಲ್ಲ. ಅದೇ ಒಳ್ಳೆಯದಾಯಿತು.

ಪಂಢರಪುರ ಮುಟ್ಟಿದ ಮೇಲೆ ದರ್ಶನದ ಸಾಲು ನೋಡಿ ಕೈಮುಗಿದೆ. ಚಂದ್ರಭಾಗೆಯಲ್ಲಿ ಮುಳುಗಿ, ದೂರದಿಂದ ಕಳಸ ನೋಡಿ, ಸೊಲ್ಲಾಪುರದ ಬಸ್ಸು ಹಿಡಿದೆ. ಅಲ್ಲಿಂದ ಬೆಂಗಳೂರಿಗೆ ರೈಲು. ಏಕಾದಶಿ ಆದ ಮರುದಿನ ಬಸ್ಸಿಗೆ ನೂಕುನುಗ್ಗಲು ಜಾಸ್ತಿ, ಒಂದು ದಿನ ತಡೆದು ಹೊರಡಿ.

ಬರುವವರಿಗೆ ನನ್ನ ಷರತ್ತು ಒಂದೇ: ಗುರುತಿನವರು ಇಬ್ಬರು ಒಂದೇ ದಿಂಡಿಯಲ್ಲಿ ಬೇಡ. ಇಬ್ಬರೂ ಅವರವರ ಪಾಡಿಗೆ ಮಾತಾಡಿಕೊಂಡು ನಡೆದರೆ ಬೇರೆ ಯಾರೂ ಹತ್ತಿರ ಬರಲ್ಲ. ಕೇಳಿದ ಗೆಳೆಯರಿಗೆ ಬೇರೆ ಬೇರೆ ದಿಂಡಿ ಹುಡುಕುತ್ತಿದ್ದೇನೆ. ಈ ಸಲ ಹೆಂಡತಿಯೂ ಬರ್ತೀನಿ ಅಂದಿದ್ದಾಳೆ. ಅವಳಿಗೂ ಅದೇ ಷರತ್ತು ಹೇಳಿದೆ. ‘ಹಾಗಾದರೆ ನಿಮ್ಮ ದಿಂಡಿ ನನಗೆ ಕೊಡಿ, ನೀವು ಬೇರೆ ಹುಡುಕಿಕೊಳ್ಳಿ’ ಅನ್ನುತ್ತಿದ್ದಾಳೆ. ಇನ್ನೂ ತೀರ್ಮಾನ ಆಗಿಲ್ಲ.