ಇಪ್ಪತ್ತು ದಿನ ನಿಂತ ಬೈಕು, ಹತ್ತು ಮಿಲಿ ನೀರು

2025ರ ಜುಲೈನಲ್ಲಿ ಅಮ್ಮನ ಆಪರೇಷನ್ ಇತ್ತು. ಇಪ್ಪತ್ತು ದಿನ ಹುಬ್ಬಳ್ಳಿಯಲ್ಲೇ ಉಳಿಯಬೇಕಾಯಿತು. ಶಿರಸಿಗೆ ವಾಪಸ್ ಬಂದು ಬೈಕಿನ ಕಿಕ್ ಒದ್ದರೆ ಸ್ಟಾರ್ಟೇ ಆಗಲಿಲ್ಲ. ಚೋಕ್ ಎಳೆದೆ, ಪ್ಲಗ್ ಬಿಚ್ಚಿ ಒರೆಸಿದೆ, ಇಳಿಜಾರಿನಲ್ಲಿ ದೂಡಿಯೂ ನೋಡಿದೆ. 2011ರ ಗಾಡಿ ಅದು, ನೂರು ಸಿಸಿ, ಕಾರ್ಬೊರೇಟರ್‌ನದು. ಅಲ್ಲಿಯವರೆಗೆ ಒಮ್ಮೆಯೂ ಹೀಗೆ ಮಾಡಿರಲಿಲ್ಲ.

ಮೆಕ್ಯಾನಿಕ್ ಕಾರ್ಬೊರೇಟರ್ ಅಡಿಯ ಸ್ಕ್ರೂ ಸಡಿಲಿಸಿ, ಬಂದದ್ದನ್ನು ಬಾಟಲಿಯಲ್ಲಿ ಹಿಡಿದು ತೋರಿಸಿದರು. ತಳದಲ್ಲಿ ಬೇರೆಯೇ ಒಂದು ಪದರ ನಿಂತಿತ್ತು.

"ಮಾಸ್ತರೆ, ಟ್ಯಾಂಕ್ ಕ್ಯಾಪಿನ ರಬ್ಬರ್ ಹೋಗಿದೆ, ನೀರು ಇಳಿದಿದೆ. ಮಳೆಗಾಲದಲ್ಲಿ ಇದು ಮೊದಲೂ ಇತ್ತು. ಆದರೆ ಈಗ ಜಾಸ್ತಿ ಸಿಗ್ತದೆ."

ಅದೇ ಮಳೆ, ಅದೇ ಹಳೇ ಕ್ಯಾಪು. ಈಗ ಮಾತ್ರ ಯಾಕೆ ಜಾಸ್ತಿ? ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಪ್ರಯೋಗಾಲಯದಿಂದ ನೂರು ಮಿಲಿಯ ಅಳತೆ ಜಾಡಿ ತಂದು, ಮನೆಯ ಅಂಗಳದಲ್ಲಿ, ಬೆಂಕಿಯ ಸುಳಿವೂ ಇಲ್ಲದ ಕಡೆ ಕೂತೆ. ಹತ್ತು ಮಿಲಿ ನೀರು, ಅದರ ಮೇಲೆ ಬಂಕಿನಿಂದ ತಂದ ತೊಂಬತ್ತು ಮಿಲಿ ಪೆಟ್ರೋಲ್. ಮುಚ್ಚಿ ಅಲುಗಿಸಿ, ಹತ್ತು ನಿಮಿಷ ಬಿಟ್ಟೆ. ತಳದ ಪದರ ಹತ್ತರಲ್ಲಿ ನಿಲ್ಲಲಿಲ್ಲ, 27ಕ್ಕೆ ಏರಿತ್ತು.

ಆಗಲೇ ಎಲ್ಲ ಅರ್ಥವಾಯಿತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್, ಅಂದರೆ ಕಬ್ಬು ಮುಂತಾದವುಗಳಿಂದ ಮಾಡುವ ಆಲ್ಕೋಹಾಲ್, ಬೆರೆತಿರುತ್ತದೆ. ಎಥೆನಾಲ್‌ಗೆ ನೀರೆಂದರೆ ಪ್ರೀತಿ. ಸ್ವಲ್ಪ ನೀರಿದ್ದರೆ ಅದನ್ನು ಪೆಟ್ರೋಲಿನಲ್ಲೇ ಕರಗಿಸಿ ಇಟ್ಟುಕೊಳ್ಳುತ್ತದೆ. ಮಿತಿ ದಾಟಿದರೆ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಹೋಗುತ್ತದೆ. ಬರಿ ಪೆಟ್ರೋಲ್ ಆಗಿದ್ದರೆ ಹತ್ತು ಮಿಲಿ ನೀರು ಹತ್ತು ಮಿಲಿಯಾಗೇ ಇರುತ್ತಿತ್ತು. ನನ್ನ ಜಾಡಿಯಲ್ಲಿ ಅದು ಎರಡೂವರೆ ಪಟ್ಟಿಗೂ ಹೆಚ್ಚಾಯಿತು. ಪೆಟ್ರೋಲ್ ಕಾಕ್ ಇರುವುದು ಟ್ಯಾಂಕಿನ ತಳದಲ್ಲಿ, ಆದ್ದರಿಂದ ಇಂಜಿನ್ನಿಗೆ ಮೊದಲು ಸಿಗುವುದೇ ಈ ಪದರ.

ಪೆಟ್ರೋಲಿಗೆ ಎಥೆನಾಲ್ ಬೆರೆಸುವುದು ನಮ್ಮಲ್ಲಿ ಹೊಸದೇನಲ್ಲ, 2003ರಲ್ಲೇ ಶೇ 5 ಎಂದು ಶುರುವಾಗಿತ್ತು. 2022ಕ್ಕೆ ಶೇ 10 ಆಯಿತು. ಶೇ 20ರ ಪೆಟ್ರೋಲ್ ಮಾರಾಟಕ್ಕೆ ಬಿಟ್ಟದ್ದು 2023ರ ಫೆಬ್ರುವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. ಮೊದಲು 2030ಕ್ಕೆ ಎಂದಿದ್ದ ಗುರಿಯನ್ನು 2025ಕ್ಕೇ ಮುಟ್ಟಿದರು. ಅಂದರೆ ಹತ್ತರಿಂದ ಇಪ್ಪತ್ತಕ್ಕೆ ಮೂರೇ ವರ್ಷ. ಇದಕ್ಕೆ ತಕ್ಕ ಗಾಡಿಗಳು 2023ರಿಂದ ಬರುತ್ತಿವೆ, ಸರಿ. ಆದರೆ ನಮ್ಮೂರಲ್ಲಿ ಒಂದು ಬೈಕು ಹದಿನೈದು ವರ್ಷ ಓಡುತ್ತದೆ, ಅಲ್ವಾ?

ಮೈಲೇಜ್ ಬಗ್ಗೆ ಹೇಳುತ್ತೇನೆ. ಟ್ಯಾಂಕ್ ಫುಲ್ ಮಾಡಿಸಿ ಕಿಲೋಮೀಟರ್ ಬರೆದಿಡುವುದು ನನ್ನ ಹಳೇ ಅಭ್ಯಾಸ. 2019ರ ಸರಾಸರಿ ಲೀಟರಿಗೆ 62 ಇತ್ತು. ರಿಪೇರಿ ಆದ ಮೇಲೆ ಅದೇ ಬಂಕು, ಅದೇ ದಾರಿ, ಗಾಳಿ ಸರಿಯಾಗಿ ಹಾಕಿಸಿ ಆರು ಟ್ಯಾಂಕ್ ಲೆಕ್ಕ ಹಿಡಿದೆ: 59.5. ಶೇ 4ರಷ್ಟು ಕಡಿಮೆ. ಗಾಡಿಗೆ ವಯಸ್ಸಾಗಿದೆ, ಅದರ ಪಾಲೂ ಇದರಲ್ಲಿ ಇದ್ದೀತು. ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಹಾಗಾಗಿ ಸ್ವಲ್ಪ ಇಳಿಯಲೇಬೇಕು. ನೀತಿ ಆಯೋಗದ 2021ರ ವರದಿಯೂ ಹಳೇ ದ್ವಿಚಕ್ರ ವಾಹನಗಳಿಗೆ ಶೇ 3ರಿಂದ 4, ಹಳೇ ಕಾರುಗಳಿಗೆ ಶೇ 6ರಿಂದ 7 ಇಳಿಯಬಹುದು ಎಂದಿತ್ತು. ತಿಂಗಳಿಗೆ 1200 ಕಿಲೋಮೀಟರ್ ಓಡಿಸುವ ನನಗೆ ಎಂಬತ್ತು ರೂಪಾಯಿ ಚಿಲ್ಲರೆ ಹೆಚ್ಚು ಬೀಳುತ್ತದೆ. ಅರ್ಧಕ್ಕರ್ಧ ಮೈಲೇಜ್ ಹೋಯಿತು ಎನ್ನುವವರನ್ನು ನಾನು ನಂಬುವುದಿಲ್ಲ. ಏನೂ ಆಗುವುದಿಲ್ಲ ಎನ್ನುವವರನ್ನೂ ಅಷ್ಟೇ.

ನನಗೆ ಬೇಜಾರಾದದ್ದು ರಬ್ಬರಿನದು. ಪೆಟ್ರೋಲ್ ಪೈಪ್ ಗಟ್ಟಿಯಾಗಿ ತುದಿಯಲ್ಲಿ ಬಿರುಕು ಬಿಟ್ಟಿತ್ತು, ಕಾರ್ಬೊರೇಟರಿನ ಓ-ರಿಂಗ್ ಉಬ್ಬಿತ್ತು. ಹಳೇ ಗಾಡಿಯ ರಬ್ಬರನ್ನು ಇಷ್ಟು ಎಥೆನಾಲ್‌ಗೆಂದು ಮಾಡಿರಲಿಲ್ಲ. ಪೈಪು, ಓ-ರಿಂಗು, ಕ್ಯಾಪಿನ ವಾಷರ್ ಎಲ್ಲ ಹೊಸದು ಹಾಕಿಸಿದೆ, ಇನ್ನೂರೈವತ್ತು ರೂಪಾಯಿ ಒಳಗೆ ಮುಗಿಯಿತು. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದ್ದರೆ ಏನಾಗುತ್ತಿತ್ತೋ. ಹತ್ತು ವರ್ಷ ದಾಟಿದ ಗಾಡಿ ಇರುವವರು ದಯವಿಟ್ಟು ಒಮ್ಮೆ ಆ ಪೈಪ್ ಬಗ್ಗಿಸಿ ನೋಡಿ.

ಎಥೆನಾಲ್ ಬೇಡ ಅನ್ನುವವನು ನಾನಲ್ಲ. ನಮ್ಮ ಭಾವ ಹಳಿಯಾಳದ ಕಡೆ ಕಬ್ಬು ಬೆಳೆಯುತ್ತಾರೆ. ಕಾರ್ಖಾನೆಗೆ ಸಕ್ಕರೆಯ ಜೊತೆ ಇನ್ನೊಂದು ಆದಾಯ ಇದ್ದರೆ ಬಾಕಿ ಬೇಗ ಬಂದೀತು ಎನ್ನುವ ಅವರ ಆಸೆ ನನ್ನದೂ ಹೌದು. ಆದರೆ ಹಳೇ ಗಾಡಿಯವರಿಗೆ ಶೇ 10ರ ಪೆಟ್ರೋಲ್ ಇನ್ನೂ ಕೆಲವು ವರ್ಷ ಸಿಗಬೇಕಿತ್ತು. ಶಕ್ತಿ ಕಡಿಮೆ ಇದ್ದ ಮೇಲೆ ದರವೂ ಅಷ್ಟು ಕಡಿಮೆ ಇರಬೇಕಿತ್ತು. ನಮ್ಮ ಬಂಕಿನಲ್ಲಿ ಬೇರೆ ಆಯ್ಕೆಯೇ ಇಲ್ಲ.

ಈಗ ಮಳೆಗಾಲದಲ್ಲಿ ಊರಿಗೆ ಹೋಗುವುದಿದ್ದರೆ ಟ್ಯಾಂಕ್ ತುಂಬಿಸಿಯೇ ಬೈಕ್ ನಿಲ್ಲಿಸುತ್ತೇನೆ. ಒಳಗೆ ಗಾಳಿಗೆ ಜಾಗ ಕಡಿಮೆ ಇದ್ದಷ್ಟೂ ತೇವ ಕಡಿಮೆ. ಕಾಕ್ ಬಂದ್ ಮಾಡಿ, ಕಾರ್ಬೊರೇಟರ್ ಖಾಲಿ ಮಾಡಿಡುತ್ತೇನೆ. ಕಳೆದ ಟ್ಯಾಂಕಿನ ಲೆಕ್ಕ 59.8. ಹೊಸ ಪೈಪ್ ಹೇಗಿದೆಯೋ, ದೀಪಾವಳಿ ರಜೆಯಲ್ಲಿ ಬಿಚ್ಚಿ ನೋಡಬೇಕು.