ಹೆರಾಲ್ಡ್‌ಗೆ ಮಾರುತಿ ಎಂಜಿನ್ ಬೇಡ ಅಂದೆ

ಹಳೇ ಕಾರು ಬಿಚ್ಚಿಕೊಂಡು ಕೂತರೆ ಕಲಬುರಗಿಯಲ್ಲಿ ಮೊದಲು ಸಿಗುವ ಸಲಹೆ ಒಂದೇ. "ಸರ, ಸುಮ್ನೆ ಮಾರುತಿ ಎಂಜಿನ್ ಕೂಡಸ್ರಿ. ಗೇರ್‌ಬಾಕ್ಸ್ ಸಮೇತ ಗುಜರ್ಯಾಗ ಸಿಗ್ತದ." ಕಪನೂರಿನ ಲೇತ್ ಅಂಗಡಿಯವರಿಂದ ಹಿಡಿದು ನಮ್ಮ ಮಾವನವರೆಗೆ ಎಲ್ಲರೂ ಇದನ್ನೇ ಹೇಳಿದರು. ದಿನಾ ಆಫೀಸಿಗೆ ಓಡಿಸುವ ಗಾಡಿಯಾದರೆ ಅದು ಸರಿಯಾದ ಸಲಹೆಯೇ. ನನಗೆ ಬೇಕಾಗಿದ್ದು ಹೆರಾಲ್ಡ್.

ನನ್ನದು 1960ರ ದಶಕದ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್, 948 ಸಿಸಿ. ಇದನ್ನು ಸ್ಪೋರ್ಟ್ಸ್ ಕಾರ್ ಅಂದರೆ ನಗುವವರಿದ್ದಾರೆ. ನಗಲಿ. ಇಂಗ್ಲೆಂಡಿನ ಟ್ರಯಂಫ್ ಕಂಪನಿ 1959ರಲ್ಲಿ ಹೆರಾಲ್ಡ್ ತಂದಿತು. ವಿನ್ಯಾಸ ಇಟಲಿಯ ಜೊವಾನಿ ಮಿಕೆಲೊಟ್ಟಿಯದು. 1962ರಲ್ಲಿ ಇದೇ ಚಾಸಿಯನ್ನು (ತಳದ ಚೌಕಟ್ಟು) ಗಿಡ್ಡ ಮಾಡಿ, ಮೇಲೆ ಎರಡು ಸೀಟಿನ ಬಾಡಿ ಕೂರಿಸಿ ಸ್ಪಿಟ್‌ಫೈರ್ ಅನ್ನುವ ಸ್ಪೋರ್ಟ್ಸ್ ಕಾರ್ ಮಾಡಿದರು. ನಮ್ಮ ದೇಶದಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ 1961ರಿಂದ ಹೆರಾಲ್ಡ್ ತಯಾರಿಸಿತು. ಸ್ಪಿಟ್‌ಫೈರ್ ಇಲ್ಲಿ ತಯಾರಾಗಲಿಲ್ಲ. ಆದರೆ ಸ್ಪಿಟ್‌ಫೈರ್‌ನ ಬಿಡಿಭಾಗಗಳು ಇಂಗ್ಲೆಂಡಿನಲ್ಲಿ ಇವತ್ತಿಗೂ ತಯಾರಾಗುತ್ತವೆ. ಅವುಗಳಲ್ಲಿ ಎಷ್ಟೋ ಹೆರಾಲ್ಡ್‌ಗೆ ಹೊಂದುತ್ತವೆ. ಹಳೇ ಗಾಡಿ ತೆಗೆದುಕೊಳ್ಳುವ ಮೊದಲು ಇಂಥದ್ದನ್ನು ವಿಚಾರಿಸಿಕೊಳ್ಳಬೇಕು. ಬಣ್ಣ, ಸೀಟು, ಕ್ರೋಮ್ ಎಲ್ಲಾ ಆಮೇಲೆ.

ಎಂಜಿನ್ ಬದಲಿಸದೇ ಇರಲು ಇನ್ನೊಂದು ಕಾರಣ ಕಾಗದಪತ್ರ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸದಾಗಿ ನೋಂದಣಿ ಮಾಡಿಸಲು 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಮೊದಲೇ ನಂಬರ್ ಇರುವ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ನನ್ನ ಗಾಡಿಗೆ ಮೈಸೂರು ರಾಜ್ಯದ ಕಾಲದ ಎಂವೈ ನಂಬರ್ ಇದೆ. ಅದನ್ನು ಕಳೆದುಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ? ಆದರೆ ವಿಂಟೇಜ್ ಅಂತ ಮಾಡಿಸಿದರೆ ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥವಕ್ಕೆ ಮಾತ್ರ. ಹಾಗಾಗಿ ನಾನು ಸದ್ಯಕ್ಕೆ ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೊಂಡಿದ್ದೇನೆ. ಮುಂದೆ ವಿಂಟೇಜ್ ಮಾಡಿಸುವ ದಾರಿ ಮುಚ್ಚಬಾರದು ಅಂತ ಕೆಲಸಕ್ಕೆ ಒಂದು ಕಟ್ಟು ಹಾಕಿಕೊಂಡೆ. ಏನೇ ಹೊಸದು ಹಾಕಿದರೂ ಬೋಲ್ಟ್‌ನಲ್ಲಿ ಕೂರಬೇಕು, ಬೋಲ್ಟ್ ಬಿಚ್ಚಿದರೆ ಹಳೇದು ವಾಪಸ್ ಬರಬೇಕು. ಚಾಸಿ ಕತ್ತರಿಸುವುದು, ಹೊಸ ತೂತು ಕೊರೆಯುವುದು ಬೇಡ.

ಗಾಡಿ ಸಿಕ್ಕಿದ್ದು ಸೇಡಂ ಕಡೆಯ ಒಂದು ಹಳ್ಳಿಯಲ್ಲಿ, ತೊಗರಿ ಚೀಲ ಇಡುವ ಕೋಣೆಯಲ್ಲಿ. ನಮ್ಮ ಭಾಗದ ಒಣ ಹವೆಯಿಂದ ತುಕ್ಕು ಕಡಿಮೆ. ಕರಾವಳಿಯ ಗಾಡಿ ಆಗಿದ್ದರೆ ತಳ ಪೂರ್ತಿ ಹೋಗಿರುತ್ತಿತ್ತು. ಆದರೆ ಬಿಸಿಲಿಗೆ ರಬ್ಬರ್ ಬದುಕುವುದಿಲ್ಲ. ಗಾಜಿನ ಬೀಡಿಂಗ್, ಬುಶ್, ಹೋಸ್ ಎಲ್ಲಾ ಹಪ್ಪಳದಂತೆ ಮುರಿಯುತ್ತಿದ್ದವು. ವೈರಿಂಗ್ ಇಲಿಗಳ ಪಾಲಾಗಿತ್ತು.

ಹೆರಾಲ್ಡ್‌ನ ಬಾಡಿ ಚಾಸಿಯ ಮೇಲೆ ಬೋಲ್ಟ್‌ನಲ್ಲಿ ಕೂತಿರುತ್ತದೆ. ಇದು ದೊಡ್ಡ ಅನುಕೂಲ. ಮನೆಯ ಮುಂದಿನ ಶೆಡ್‌ನಲ್ಲೇ ನಾಲ್ಕು ಜನ ಸೇರಿ ಬಾಡಿ ಎತ್ತಿ ಇಟ್ಟೆವು. ಎತ್ತುವ ಮೊದಲು ಬಾಗಿಲಿನ ಜಾಗಕ್ಕೆ ಅಡ್ಡ ಕಬ್ಬಿಣದ ಪಟ್ಟಿ ಬಿಗಿಯಬೇಕು. ಬಾಡಿ ಎರಡು ತುಂಡಾಗಿ ಜೋಡಿಸಿದ್ದು. ಪಟ್ಟಿ ಇಲ್ಲದೆ ಎತ್ತಿದರೆ ನಡು ಕುಸಿದು, ಆಮೇಲೆ ಬಾಗಿಲು ಸರಿಯಾಗಿ ಕೂರುವುದೇ ಇಲ್ಲ. ಚಾಸಿಯಲ್ಲಿ ನೋಡಬೇಕಾದ್ದು ಪಕ್ಕಕ್ಕೆ ಚಾಚಿದ ತೋಳುಗಳು. ಮಣ್ಣು ನಿಲ್ಲುವುದು ಅಲ್ಲೇ. ನಮ್ಮ ಕಪ್ಪು ಮಣ್ಣು ಒಮ್ಮೆ ಹಿಡಿದರೆ ಸುತ್ತಿಗೆಯಿಂದ ಬಡಿದರೂ ಬಿಡದು. ಅದರ ಹಿಂದೆಯೇ ತುಕ್ಕು ಇರುತ್ತದೆ. ನನ್ನದರಲ್ಲಿ ಹಿಂದಿನ ಎರಡು ತೋಳುಗಳನ್ನು ಅದೇ ಅಳತೆಯ ತಗಡಿನಿಂದ ಹೊಸದಾಗಿ ಮಾಡಿಸಿದೆ.

ಇನ್ನೊಂದು ಮಾತು, ಪಾನಾಗಳ (ಸ್ಪ್ಯಾನರ್) ಬಗ್ಗೆ. ಈ ಗಾಡಿಯ ನಟ್ಟು ಬೋಲ್ಟು ಇಂಚಿನ ಲೆಕ್ಕದವು. ನಮ್ಮ ಮಿಸ್ತ್ರಿಗಳ ಹತ್ತಿರ ಇರುವುದು ಮಿಲಿಮೀಟರ್ ಸೆಟ್. ಅರ್ಧ ಇಂಚಿನ ನಟ್‌ಗೆ 13ರ ಪಾನಾ ಹಾಕಿದರೆ ಸಡಿಲ, ಮೂಲೆ ಸವೆದು ನಟ್ ಗುಂಡಗಾಗುತ್ತದೆ. ಒಂದು ಇಂಚಿನ ಸೆಟ್ ತಂದು ಶೆಡ್‌ನಲ್ಲೇ ಇಟ್ಟೆ. ಯಾರೇ ಕೆಲಸಕ್ಕೆ ಬಂದರೂ ಅದನ್ನೇ ಬಳಸಬೇಕು ಅಂತ ಹೇಳಿಬಿಟ್ಟೆ.

ಮುಂದಿನ ಚಕ್ರಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಜೀವ ಹೋಗುವ ವಿಷಯ ಅದು. ಚಕ್ರ ತಿರುಗುವ ಕಂಬದ ಕೆಳತುದಿಗೆ ಥ್ರೆಡ್ ಇರುತ್ತದೆ. ಅದು ಟ್ರನಿಯನ್ ಅನ್ನುವ ಕಂಚಿನ ತುಂಡಿನೊಳಗೆ ತಿರುಗುತ್ತದೆ. ಅದಕ್ಕೆ ಹಾಕಬೇಕಾದ್ದು 90 ನಂಬರಿನ ಗೇರ್ ಆಯಿಲ್, ಗ್ರೀಸ್ ಅಲ್ಲ. ಗ್ರೀಸ್ ಗಟ್ಟಿಯಾಗಿ ಥ್ರೆಡ್‌ನ ಒಳಗೆ ಹೋಗುವುದಿಲ್ಲ, ಒಳಗೆ ಒಣಗುತ್ತದೆ, ತುಕ್ಕು ಹಿಡಿದು ಸವೆಯುತ್ತದೆ. ಒಂದು ದಿನ ಕಂಬ ಮುರಿದು ಚಕ್ರ ಒಳಗೆ ಮಡಚಿಕೊಳ್ಳುತ್ತದೆ. ನಮ್ಮ ಉಸ್ತಾದ್ ಒಳ್ಳೆಯ ಕೈ. ಆದರೆ ನಿಪ್ಪಲ್ ಕಂಡರೆ ಗ್ರೀಸ್ ಗನ್ ಎತ್ತುವುದು ಅವರ ನಲವತ್ತು ವರ್ಷದ ರೂಢಿ. "ಗ್ರೀಸ್ ಹೊಡದ್ರ ಏನಾಗ್ತದ್ರಿ, ಮೆತ್ತಗ ತಿರಗ್ತದ" ಅಂದರು. ಹಳೇ ಕಂಬ ಬಿಚ್ಚಿ, ಸವೆದ ಥ್ರೆಡ್ ಬೆರಳಿಗೆ ತಾಗಿಸಿ ತೋರಿಸಿದ ಮೇಲೆ ಸುಮ್ಮನಾದರು. ಎರಡೂ ಕಡೆಯ ಕಂಬ, ಟ್ರನಿಯನ್ ಇಂಗ್ಲೆಂಡಿನಿಂದ ತರಿಸಿದೆ. ಸಾಗಣೆ, ಸುಂಕ ಸೇರಿ ಬೆಲೆ ಜಾಸ್ತಿಯೇ ಆಯಿತು. ಆದರೂ ಇದನ್ನು ಲೇತ್‌ನಲ್ಲಿ ಮಾಡಿಸುವ ಧೈರ್ಯ ಬೇಡ.

ಹೇಗೂ ಕಂಬ ಬದಲಿಸುತ್ತಿದ್ದೆ ಅಂತ ಮುಂದಕ್ಕೆ ಡಿಸ್ಕ್ ಬ್ರೇಕ್ ತರಿಸಿದೆ. ಸ್ಪಿಟ್‌ಫೈರ್‌ಗೆ 1962ರಿಂದಲೇ ಮುಂದೆ ಡಿಸ್ಕ್ ಇತ್ತು, ಆ ಕಂಬಗಳು ಹೆರಾಲ್ಡ್‌ನ ವಿಶ್‌ಬೋನ್‌ಗೆ (ಕಂಬ ಹಿಡಿಯುವ ತೋಳು) ಕೂರುತ್ತವೆ. ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರ್‌ಗೆ ಬ್ರೇಕ್ ಎಣ್ಣೆ ಹೆಚ್ಚು ಬೇಕು. ಹಾಗಾಗಿ ಮಾಸ್ಟರ್ ಸಿಲಿಂಡರ್ ಕೂಡ ಅದಕ್ಕೆ ಹೊಂದುವುದೇ ಇರಬೇಕು. ಹಳೇ ಡ್ರಮ್‌ಗಳಿಗೆ ಎಣ್ಣೆ ಬಳಿದು ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಬ್ರೇಕ್ ಸರ್ಕ್ಯೂಟ್ ಒಂದೇ, ಅಂದರೆ ಒಂದು ಪೈಪು ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಅದಕ್ಕೇ ಎಲ್ಲಾ ಪೈಪು, ಎಲ್ಲಾ ಹೋಸ್ ಹೊಸದು ಹಾಕಿ, ಹ್ಯಾಂಡ್‌ಬ್ರೇಕನ್ನೂ ಚೆನ್ನಾಗಿ ಬಿಗಿ ಮಾಡಿದೆ.

ಹಿಂದಿನ ಸಸ್ಪೆನ್ಷನ್‌ಗೆ ಕೆಟ್ಟ ಹೆಸರಿದೆ. ತಿರುವಿನಲ್ಲಿ ವೇಗವಾಗಿ ಹೋಗಿ ದಿಢೀರ್ ಅಂತ ಕಾಲು ತೆಗೆದರೆ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಂಡು ಗಾಡಿ ಮೇಲಕ್ಕೆ ಎದ್ದುಬಿಡುತ್ತದೆ. 1970ರ ಸ್ಪಿಟ್‌ಫೈರ್ ಮಾರ್ಕ್ 4ರಲ್ಲಿ ಪಾಟಾದ (ಲೀಫ್ ಸ್ಪ್ರಿಂಗ್) ಕಟ್ಟುವಿಕೆಯನ್ನೇ ಬದಲಿಸಿ ಇದನ್ನು ಸರಿ ಮಾಡಿದರು. ಅದನ್ನು ಹಾಕುವುದಾದರೆ ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವ ಮುಂದಿನ ಆಂಟಿ-ರೋಲ್ ಬಾರ್ ಕೂಡ ದಪ್ಪದ್ದು ಬೇಕು. ನಾನು ಅಷ್ಟು ದೂರ ಹೋಗಲಿಲ್ಲ. ಲಾರಿ ಪಾಟಾ ಕೆಲಸದವರ ಹತ್ತಿರ ಪಾಟಾ ಬಿಚ್ಚಿಸಿ, ಬಾಗು ಸ್ವಲ್ಪ ಇಳಿಸಿ, 13 ಇಂಚಿನ ರೇಡಿಯಲ್ ಟೈರ್ ಹಾಕಿಸಿದೆ. ನಮ್ಮ ಕಡೆ ಘಾಟಿ ಇಲ್ಲ. ಹುಮನಾಬಾದ್ ರಸ್ತೆ ನೇರ ಇದೆ. ಇಷ್ಟು ಸಾಕು.

ಎಂಜಿನ್ ಕೆಲಸದಲ್ಲಿ ಅಚ್ಚರಿ ಏನಿಲ್ಲ. ಬೋರಿಂಗ್, ಹೊಸ ಪಿಸ್ಟನ್, ಬೇರಿಂಗ್. ಒಂದನ್ನು ಮಾತ್ರ ಮರೆಯಬಾರದು. ಕ್ರ್ಯಾಂಕ್ ಹಿಂದೆ ಮುಂದೆ ಜರುಗದಂತೆ ಹಿಡಿಯುವ ಥ್ರಸ್ಟ್ ವಾಷರ್ ಈ ಎಂಜಿನ್‌ಗಳಲ್ಲಿ ಬೇಗ ಸವೆಯುತ್ತದೆ, ಕೊನೆಗೆ ಕಳಚಿ ಆಯಿಲ್ ಸಂಪ್‌ಗೆ ಬೀಳುತ್ತದೆ. ಆಮೇಲೆ ಬ್ಲಾಕ್ ಕೂಡ ಹಾಳು. ಯಾರಾದರೂ ಕ್ಲಚ್ ಒತ್ತುವಾಗ ಮುಂದಿನ ಪುಲ್ಲಿ ನೋಡಿ. ಕಣ್ಣಿಗೆ ಕಾಣುವಷ್ಟು ಜರುಗಿದರೆ ಗಾಡಿ ಓಡಿಸಬೇಡಿ. ಇರಬೇಕಾದ ಸಂದು 0.1ರಿಂದ 0.2 ಮಿಲಿಮೀಟರ್ ಅಷ್ಟೇ. ಹೆಡ್ ಬಿಚ್ಚಿದಾಗ ಎಕ್ಸಾಸ್ಟ್ ವಾಲ್ವ್‌ಗಳಿಗೆ ಗಟ್ಟಿ ಸೀಟ್ ಕೂರಿಸಿದೆ. ಈ ಎಂಜಿನ್ ಸೀಸ ಬೆರೆತ ಪೆಟ್ರೋಲ್ ಕಾಲದ್ದು. 2000ದಿಂದ ದೇಶದಲ್ಲಿ ಸೀಸದ ಪೆಟ್ರೋಲ್ ಇಲ್ಲ. ಹಳೇ ಸೀಟು ನಿಧಾನಕ್ಕೆ ತಿಂದುಹೋಗುತ್ತದೆ.

ಈಗಿನ ಪೆಟ್ರೋಲ್‌ನದು ಇನ್ನೊಂದು ಕಥೆ. 20 ಶೇಕಡಾ ಎಥೆನಾಲ್ ಇರುತ್ತದೆ. ಕಬ್ಬು ಬೆಳೆಯುವ ನಮ್ಮ ಜಿಲ್ಲೆಗಳಿಗೆ ಲಾಭ ಇರಬಹುದು, ಹೆರಾಲ್ಡ್‌ಗೆ ಇಲ್ಲ. ಹಳೇ ರಬ್ಬರ್ ಪೈಪನ್ನು ಅದು ಕರಗಿಸುತ್ತದೆ, ನೀರು ಹೀರಿಕೊಂಡು ಟ್ಯಾಂಕ್‌ಗೆ ತುಕ್ಕು ಹಿಡಿಸುತ್ತದೆ. ಟ್ಯಾಂಕ್‌ನಿಂದ ಕಾರ್ಬೊರೇಟರ್‌ವರೆಗೆ ಎಲ್ಲಾ ಪೈಪನ್ನೂ, ಪೆಟ್ರೋಲ್ ಪಂಪ್‌ನ ಡಯಾಫ್ರಂ ಕೂಡ, ಎಥೆನಾಲ್ ತಡೆಯುವಂಥದ್ದಕ್ಕೆ ಬದಲಿಸಿದೆ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಿ ಇಡುತ್ತೇನೆ.

ಈಗ ಬಿಸಿಲು. ಇಂಗ್ಲೆಂಡಿನ ಹವೆಗೆ ಮಾಡಿದ ಎಂಜಿನ್ನು ಏಪ್ರಿಲ್‌ನಲ್ಲಿ ಸೂಪರ್ ಮಾರ್ಕೆಟ್ ಟ್ರಾಫಿಕ್‌ನಲ್ಲಿ ನಿಂತರೆ ಏನಾಗಬೇಕು ಹೇಳಿ! ಇಲ್ಲಿ 42 ಡಿಗ್ರಿ ಅಂದರೆ ಸುದ್ದಿಯೇ ಅಲ್ಲ. ಎಲ್ಲರೂ ರೇಡಿಯೇಟರ್ ದೊಡ್ಡದು ಮಾಡಿ ಅನ್ನುತ್ತಾರೆ. ನಾನು ಬ್ಲಾಕ್‌ನಿಂದ ಶುರು ಮಾಡಿದೆ. ನಮ್ಮ ಬೋರ್‌ವೆಲ್ ನೀರು ಗಡುಸು. ವರ್ಷಗಟ್ಟಲೆ ಅದನ್ನೇ ಸುರಿದರೆ ಸಿಲಿಂಡರ್ ಸುತ್ತಲಿನ ದಾರಿಯಲ್ಲಿ ಸುಣ್ಣ ಕಟ್ಟುತ್ತದೆ, ಅದರಲ್ಲೂ ಹಿಂದಿನ ನಾಲ್ಕನೇ ಸಿಲಿಂಡರ್ ಹತ್ತಿರ. ಅಲ್ಲಿ ಕೆಸರು ಕಲ್ಲಾಗಿ ಕೂತಿರುತ್ತದೆ. ಕೋರ್ ಪ್ಲಗ್‌ಗಳನ್ನು (ಬ್ಲಾಕ್‌ನ ಪಕ್ಕದ ತೂತುಗಳ ಮುಚ್ಚಳ) ಕಿತ್ತು, ತಂತಿಯಿಂದ ಕೆರೆದು, ನಿಂಬೆ ಉಪ್ಪು ಕರಗಿಸಿದ ಬಿಸಿನೀರು ತುಂಬಿ ಬಿಟ್ಟು, ತೊಳೆದು, ಮತ್ತೆ ತುಂಬಿ ತೊಳೆದೆ. ಹೊರಬಂದ ನೀರು ಕಾಫಿ ಬಣ್ಣದ್ದು. ಅದು ತಿಳಿಯಾಗುವವರೆಗೆ ಬಿಡಲಿಲ್ಲ. ಇದಾದ ಮೇಲೆ ರೇಡಿಯೇಟರ್‌ನ ಮೇಲಿನ ಕೆಳಗಿನ ತೊಟ್ಟಿಗಳನ್ನು ಉಳಿಸಿಕೊಂಡು ನಡುವಿನ ಕೋರ್ ಮಾತ್ರ ತಾಮ್ರದ ಹೊಸದು ಹಾಕಿಸಿದೆ. ಹೊರಗಿನಿಂದ ನೋಡಿದರೆ ಹಳೇದೇ. ಮುಂದೆ ಸಣ್ಣ ಕಾರಿನ ಎಲೆಕ್ಟ್ರಿಕ್ ಫ್ಯಾನ್, ಥರ್ಮೋ ಸ್ವಿಚ್. ಈಗ ಡಿಸ್ಟಿಲ್ಡ್ ವಾಟರ್, ಕೂಲಂಟ್ ಬಿಟ್ಟರೆ ಬೇರೆ ಏನೂ ಒಳಗೆ ಹೋಗುವುದಿಲ್ಲ.

ಎಂಜಿನ್ ಕಾಯುವವರೆಗೆ ರೇಡಿಯೇಟರ್‌ಗೆ ನೀರು ಬಿಡದ ಥರ್ಮೋಸ್ಟಾಟನ್ನು ಕಿತ್ತು ಎಸೆಯುವುದು ನಮ್ಮ ಕಡೆಯ ಇನ್ನೊಂದು ಪದ್ಧತಿ. ಬೇಡ. ಅದಿಲ್ಲದಿದ್ದರೆ ಚಳಿಗಾಲದಲ್ಲಿ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ.

ಬೇಸಿಗೆಯಲ್ಲಿ ಬಿಸಿ ಎಂಜಿನ್ ಆಫ್ ಮಾಡಿ, ಚಹಾ ಕುಡಿದು ಬಂದರೆ ಸ್ಟಾರ್ಟ್ ಆಗದು. ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿರುತ್ತದೆ. ಕಾರ್ಬೊರೇಟರ್ ಕೆಳಗೆ ಶಾಖ ತಡೆಯುವ ದಪ್ಪ ಸ್ಪೇಸರ್, ಎಕ್ಸಾಸ್ಟ್ ಮೇಲೆ ಅಲ್ಯೂಮಿನಿಯಂ ತಗಡು, ಪೆಟ್ರೋಲ್ ಪೈಪನ್ನು ಎಕ್ಸಾಸ್ಟ್‌ನಿಂದ ದೂರ ತಿರುಗಿಸುವುದು, ಈ ಮೂರರಿಂದ ತೊಂದರೆ ಬಹುಪಾಲು ಹೋಯಿತು. ಮೇ ತಿಂಗಳ ಮಧ್ಯಾಹ್ನ ಇನ್ನೂ ಒಮ್ಮೊಮ್ಮೆ ಕಾಡುತ್ತದೆ. ಆಗ ಬಾನೆಟ್ ಎತ್ತಿ ಕಾಯುವುದೇ. ಹೆರಾಲ್ಡ್‌ನ ಬಾನೆಟ್ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಪೂರ್ತಿ ಬಾಗುತ್ತದೆ, ಗಾಳಿ ಚೆನ್ನಾಗಿ ಆಡುತ್ತದೆ. ಟೈರ್ ಮೇಲೆ ಕೂತೇ ಟ್ಯಾಪೆಟ್ ಹೊಂದಿಸಬಹುದು. ಈಗಿನ ಕಾರುಗಳಲ್ಲಿ ಈ ಸುಖ ಎಲ್ಲಿದೆ?

ಕರೆಂಟಿನ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಹಳೇ ಡೈನಮೊ ಸುಮಾರು 20 ಆಂಪಿಯರ್ ಕೊಡುತ್ತಿತ್ತು. ಫ್ಯಾನ್, ಹ್ಯಾಲೋಜನ್ ದೀಪ ಎರಡಕ್ಕೂ ಅದು ಸಾಲದು. ಇಲ್ಲಿ ಮಾತ್ರ ಮಾರುತಿ ಬಂತು. ಮಾರುತಿ 800ರ ಆಲ್ಟರ್ನೇಟರ್ ಸಣ್ಣದು, ಅಗ್ಗ, ಎಲ್ಲಿ ಬೇಕಾದರೂ ಸಿಗುತ್ತದೆ. ಬ್ರಾಕೆಟ್ ಒಂದನ್ನು ಕಪನೂರಿನಲ್ಲಿ ಮಾಡಿಸಿದೆ. ಗಾಡಿ ಪಾಸಿಟಿವ್ ಅರ್ಥ್ ಇತ್ತು, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಜೋಡಿಸಿತ್ತು. ಆಲ್ಟರ್ನೇಟರ್‌ಗಾಗಿ ನೆಗೆಟಿವ್‌ಗೆ ಬದಲಿಸಬೇಕು. ಕಾಯಿಲ್‌ನ ಎರಡು ವೈರ್ ಅದಲುಬದಲು ಮಾಡುವುದು ಮರೆಯಬೇಡಿ. ಬ್ಯಾಟರಿ ಹತ್ತಿರ ದೊಡ್ಡ ಅಕ್ಷರದಲ್ಲಿ ಚೀಟಿ ಅಂಟಿಸಿ. ಇಲ್ಲದಿದ್ದರೆ ಮುಂದೆ ಯಾರೋ ಹಳೇ ಪುಸ್ತಕ ನೋಡಿ ಉಲ್ಟಾ ಜೋಡಿಸಿ ಡಯೋಡ್ ಸುಡುತ್ತಾರೆ. ಹೆಡ್‌ಲೈಟ್ 7 ಇಂಚಿನ ಗುಂಡು, ಬುಲೆಟ್‌ಗೆ, ಜೀಪಿಗೆ ಬರುವ ಅಳತೆಯೇ. ರಿಲೇ ಹಾಕಿದರೆ ಸಾಕು, ರಾತ್ರಿ ದಾರಿ ಕಾಣುತ್ತದೆ.

ಡೆಂಟಿಂಗ್, ಪೇಂಟಿಂಗ್ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಪುಟ್ಟಿ ಕಡಿಮೆ, ತಗಡಿನ ಕೆಲಸ ಜಾಸ್ತಿ ಮಾಡುವವರನ್ನು ಹುಡುಕಿ. ಬೀದರಿನ ಗೆಳೆಯರೊಬ್ಬರು ಗೇರ್‌ಗೆ ಬಿದ್ರಿ ಕೆಲಸದ ಹಿಡಿ ಮಾಡಿಸಿ ಕೊಟ್ಟರು. ಕಪ್ಪು ಲೋಹದ ಮೇಲೆ ಬೆಳ್ಳಿ ಎಳೆ, ನೋಡಲು ಬಹಳ ಚಂದ. ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಅದನ್ನು ಹಿಡಿಯಲು ಕರವಸ್ತ್ರ ಬೇಕು.

ಈಗ ಉಳಿದಿರುವುದು ಡಿಫರೆನ್ಷಿಯಲ್, ಅಂದರೆ ಹಿಂದಿನ ಚಕ್ರಗಳನ್ನು ತಿರುಗಿಸುವ ಗೇರ್. 948 ಸಿಸಿ ಹೆರಾಲ್ಡ್‌ನ ರೇಷಿಯೋ 4.875. ಗಂಟೆಗೆ 80 ಕಿಲೋಮೀಟರ್ ಹೋದರೆ ಎಂಜಿನ್ ನಿಮಿಷಕ್ಕೆ 3,700 ಸುತ್ತಿನ ಆಸುಪಾಸು ತಿರುಗುತ್ತದೆ. ಬೀದರ್‌ವರೆಗೆ ಆ ಗದ್ದಲ ಕೇಳುವುದು ಕಷ್ಟ. ಸ್ಪಿಟ್‌ಫೈರ್‌ನ 4.11 ಹಾಕಿದರೆ ಅದೇ ವೇಗಕ್ಕೆ 3,100ರ ಹತ್ತಿರ ಸಾಕು. ಏರು ಹೆಚ್ಚಿರುವ ಊರಾದರೆ 948 ಸಿಸಿ ಎಂಜಿನ್‌ಗೆ ಇದು ಭಾರ. ನಮ್ಮ ಬಯಲಿಗೆ ನಡೆಯುತ್ತದೆ. ಒಳ್ಳೆಯದೊಂದು ಸಿಕ್ಕರೆ ಮಳೆಗಾಲದಲ್ಲಿ ಕೂರಿಸುತ್ತೇನೆ. ಹಳೇದು ಡ್ರಮ್‌ಗಳ ಪಕ್ಕ ಪೆಟ್ಟಿಗೆಗೆ ಹೋಗುತ್ತದೆ. ಜೊತೆಗೆ ಸ್ಪೀಡೋಮೀಟರನ್ನೂ ತಿದ್ದಿಸಬೇಕು. ಇಲ್ಲವಾದರೆ ಮುಳ್ಳು 60 ತೋರಿಸುವಾಗ ಗಾಡಿ 71ರಲ್ಲಿ ಓಡುತ್ತಿರುತ್ತದೆ.